ಆಜ್ಞೆ ಹೊರಟಿತು, ನೀರು ಹೊರಡಲಿಲ್ಲ

ಸೊಲ್ಲಾಪುರದ ಸೆಖೆಗೆ ಎರಡು ಮುಖಗಳಿವೆ. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ದಾಟಿದಾಗ ಗಾಳಿ ಪೂರ್ತಿ ಒಣಗಿರುತ್ತದೆ. ಹಗ್ಗದ ಮೇಲೆ ಹರವಿದ ಬಟ್ಟೆ ನೋಡನೋಡುತ್ತಿರುವಂತೆ ಆರುತ್ತದೆ, ತುಟಿ ಒಡೆಯುತ್ತದೆ, ಮಣ್ಣಿನ ಹರವಿಯ ನೀರು ಹಿತವಾಗಿ ತಣ್ಣಗಾಗುತ್ತದೆ. ಮಿರಗ ಕೂಡಿ ಮೊದಲ ಮಳೆ ಬಿದ್ದ ಮೇಲೆ ಉಷ್ಣಾಂಶವೇನೋ ಇಳಿಯುತ್ತದೆ. ಮೈಮೇಲಿನ ಬೆವರು ಮಾತ್ರ ಆರುವುದಿಲ್ಲ. ಹರವಿಯ ನೀರೂ ಮೊದಲಿನಷ್ಟು ತಣ್ಣಗಾಗುವುದಿಲ್ಲ. ಅಕ್ಕಲಕೋಟೆಯ ಮನೆಗಳಲ್ಲಿಯೂ ಇದೇ ಅನುಭವ. ಈ ಎರಡು ಸೆಖೆಗಳ ನಡುವಣ ಭೇದಕ್ಕೆ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಒಂದು ಹೆಸರಿದೆ: ಸಾಪೇಕ್ಷ ಆರ್ದ್ರತೆ. ಪರೀಕ್ಷೆಗೆ ಕಂಠಪಾಠ ಮಾಡಿ ಮರೆತುಬಿಡುವ ಮಾತುಗಳಲ್ಲಿ ಇದೂ ಒಂದು. ಆದರೆ ಸೊಲ್ಲಾಪುರದಲ್ಲಿ ಈ ಮಾತಿನ ಮೇಲೆ ಮನೆಯ ತಂಪೂ ನಿಂತಿದೆ, ಅನೇಕ ಕುಟುಂಬಗಳ ಅನ್ನವೂ ನಿಂತಿದೆ.

ಇತ್ತೀಚಿನ ವರ್ಷಗಳಲ್ಲಿ ಆರ್ದ್ರತೆಯನ್ನು ಅಳೆದು ತಾನೇ ಹತೋಟಿಯಲ್ಲಿಡುವ ಯಂತ್ರಗಳು ಬಂದಿವೆ. ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆಯೊಂದು ಅಂಕಿ ತೋರಿಸುತ್ತದೆ. ಮೊಬೈಲಿನಲ್ಲಿ ‘ಚಾಲೂ ಇದೆ’ ಎಂಬ ಬರಹ ಕಾಣುತ್ತದೆ. ಇಷ್ಟಾದರೂ ಕೋಣೆಯ ಗಾಳಿ ಒಣಗಿಯೇ ಉಳಿದಿರುತ್ತದೆ. ಅಂಥ ವೇಳೆಯಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ನಡೆಯುತ್ತವೆ. ಒಂದು, ಪರದೆಯ ಮೇಲಿನ ಬರಹವನ್ನೇ ಸತ್ಯವೆಂದು ನಂಬಿ ಸುಮ್ಮನಾಗುವುದು. ಇನ್ನೊಂದು, ಕಂಡ ಕಂಡ ಗುಂಡಿಗಳನ್ನೆಲ್ಲ ಒತ್ತಿ, ಬಿಡಿಭಾಗಗಳನ್ನು ಬದಲಿಸಿ, ಕೊನೆಗೆ ದೋಷ ಎಲ್ಲಿತ್ತೆಂಬುದೇ ತಿಳಿಯದಂತೆ ಮಾಡಿಕೊಳ್ಳುವುದು. ಇವೆರಡರಿಂದಲೂ ಪಾರಾಗುವ ದಾರಿ ಸರಳವಾಗಿದೆ. ಆಜ್ಞೆ ಬೇರೆ, ಕೆಲಸ ಬೇರೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕ್ರಮವಾಗಿ ಹುಡುಕಬೇಕು.

ಗಾಳಿಯ ಬಾಯಾರಿಕೆ

ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಸದಾ ಇರುತ್ತದೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ಆವಿಗೆ ಅಲ್ಲಿ ಎಡೆಯುಂಟು. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು. 40 ಡಿಗ್ರಿಯಲ್ಲಿ ಸುಮಾರು 51 ಗ್ರಾಂ. ಇರಬಹುದಾದಷ್ಟರಲ್ಲಿ ನಿಜವಾಗಿ ಎಷ್ಟು ಪಾಲು ಇದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಹೀಗಾಗಿ ಒಂದು ಹನಿ ನೀರು ಹೋಗದೆಯೂ ಬಾರದೆಯೂ, ಕೇವಲ ಬಿಸಿಯೇರಿದ ಕಾರಣದಿಂದ ಆರ್ದ್ರತೆಯ ಅಂಕಿ ಕುಸಿಯಬಲ್ಲದು. 30 ಡಿಗ್ರಿಯಲ್ಲಿ ಶೇಕಡಾ 60 ಆರ್ದ್ರತೆಯುಳ್ಳ ಗಾಳಿಯನ್ನು ಹಾಗೆಯೇ 40 ಡಿಗ್ರಿಗೆ ಕಾಯಿಸಿದರೆ ಅಂಕಿ ಶೇಕಡಾ 35ರ ಹತ್ತಿರ ಬಂದು ನಿಲ್ಲುತ್ತದೆ. ಗಾಳಿಯಲ್ಲಿದ್ದ ನೀರು ಅಷ್ಟೇ. ಹೆಚ್ಚಿದ್ದು ಅದರ ಬಾಯಾರಿಕೆ.

ಈ ಒಂದು ಸಂಗತಿ ತಿಳಿದರೆ ಮುಂದಿನ ಅರ್ಧ ಗೊಂದಲ ಕಳೆಯುತ್ತದೆ. ಚಳಿ ದೇಶದ ಮನೆಗಳ ಕಥೆಯೂ ಇದೇ. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಗಾಳಿಯಲ್ಲಿ ನೀರಾವಿ ಅತ್ಯಲ್ಪ. ಅದನ್ನು ಮನೆಯೊಳಗೆ 20 ಡಿಗ್ರಿಗೆ ಕಾಯಿಸಿದಾಗ ಆರ್ದ್ರತೆ ಶೇಕಡಾ 15ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಚರ್ಮ ಬಿರಿಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಮರದ ಬಾಗಿಲು ಕುಗ್ಗುತ್ತದೆ. ಆದ್ದರಿಂದ ಅಮೆರಿಕ, ಕೆನಡಾಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳ ಮನೆಗಳಲ್ಲಿಯೂ ಬಿಸಿಗಾಳಿಯ ಕೊಳವೆಗೆ ಜೋಡಿಸಿದ ಹ್ಯೂಮಿಡಿಫೈಯರ್ ಇರುವುದುಂಟು. ಹರಿವ ಬಿಸಿಗಾಳಿಗೆ ನೀರಿನ ತೇವ ಸೇರಿಸಿ ಇಡೀ ಮನೆಗೆ ಹಂಚುವ ಯಂತ್ರವದು. ಅದಕ್ಕೆ ಅಪ್ಪಣೆ ಕೊಡುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್.

ಸೊಲ್ಲಾಪುರಕ್ಕೆ ಈ ಸಮಸ್ಯೆ ಹೊಸದಲ್ಲ. ಇಲ್ಲಿ ಗಾಳಿಯನ್ನು ಒಣಗಿಸುವುದು ಬಿಸಿಲು, ಅಲ್ಲಿ ಒಲೆ, ಇಷ್ಟೇ ವ್ಯತ್ಯಾಸ. ಮೊಬೈಲು ಹುಟ್ಟುವುದಕ್ಕೆ ಬಹಳ ಮೊದಲೇ ಸೊಲ್ಲಾಪುರದ ಗಿರಣಿಗಳು ಗಾಳಿಗೆ ನೀರುಣಿಸುವ ವಿದ್ಯೆಯನ್ನು ಕಲಿಯಬೇಕಾಯಿತು.

ಹಾಸಿನ ಎಳೆಯೇ ಮೊದಲ ಮಾಪಕ

ಜುನಿ ಮಿಲ್ ಎಂದು ಜನ ಕರೆದ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಗಿರಣಿ ಆರಂಭವಾದದ್ದು 1870ರ ದಶಕದಲ್ಲಿ. ಮುಂದೆ ನರಸಿಂಗ ಗಿರ್ಜಿ, ಲಕ್ಷ್ಮಿ, ವಿಷ್ಣು ಗಿರಣಿಗಳು ಬಂದವು. ಆ ಭೋಂಗಾಗಳ ಧ್ವನಿ ಈಗಿಲ್ಲ. ಆದರೆ ಚಾದರು ಮತ್ತು ಟರ್ಕಿಶ್ ಟವೆಲಿನ ಮಗ್ಗಗಳು ಉಳಿದುಕೊಂಡಿವೆ. ಸೊಲ್ಲಾಪುರಿ ಚಾದರು, ಸೊಲ್ಲಾಪುರಿ ಟೆರಿ ಟವೆಲ್ ಎರಡಕ್ಕೂ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ತೆಲುಗು ಪದ್ಮಶಾಲಿ ನೇಕಾರರು, ಕನ್ನಡ ಮತ್ತು ಮರಾಠಿ ಮನೆಗಳವರು ಒಂದೇ ಸೂರಿನಡಿ ದುಡಿಯುವ ಊರಿದು.

ಹತ್ತಿಯ ನೂಲಿಗೆ ಒಂದು ವಿಶೇಷ ಗುಣವಿದೆ. ತೇವ ಹೀರಿದಾಗ ಅದರ ಬಲ ಹೆಚ್ಚುತ್ತದೆ. ಹಾಸಿನ ಎಳೆಗಳಿಗೆ ಗಂಜಿ ಹಾಕಿ ಮಗ್ಗಕ್ಕೆ ಏರಿಸಿರುತ್ತಾರೆ. ಗಾಳಿ ಒಣಗಿದರೆ ಆ ಗಂಜಿಯ ಪದರ ಬಿರುಸಾಗಿ ಸಿಡಿದು ಪುಡಿಯಾಗುತ್ತದೆ; ಹತ್ತಿಯ ಧೂಳು ಏಳುತ್ತದೆ; ಉಜ್ಜಿದ ಎಳೆಗಳಲ್ಲಿ ಸ್ಥಿರ ವಿದ್ಯುತ್ತು ಹುಟ್ಟಿ ಅವು ಒಂದಕ್ಕೊಂದು ತೊಡಕಿಕೊಳ್ಳುತ್ತವೆ. ಒಂದು ಎಳೆ ಕಡಿದರೆ ಮಗ್ಗ ನಿಲ್ಲಬೇಕು, ಗಂಟು ಹಾಕಬೇಕು, ಮತ್ತೆ ಶುರುವಾಗಬೇಕು. ಆದ್ದರಿಂದಲೇ ಹತ್ತಿಯ ನೇಯ್ಗೆಯ ಶೆಡ್ಡಿನಲ್ಲಿ ಸಾಮಾನ್ಯವಾಗಿ ಶೇಕಡಾ 75ರಿಂದ 80ರಷ್ಟು ಆರ್ದ್ರತೆಯನ್ನು ಬಯಸುತ್ತಾರೆ. ಹಳೆಯ ಕುಣಿಮಗ್ಗದ ನೇಕಾರ ನೆಲದ ಗುಂಡಿಯಲ್ಲಿ ಕಾಲಿಳಿಸಿ ಕುಳಿತು, ಹಾಸನ್ನು ನೆಲಕ್ಕೆ ಹತ್ತಿರವಾಗಿ ಕಟ್ಟುತ್ತಿದ್ದ. ಮಣ್ಣಿನ ತಂಪು ಎಳೆಗೆ ತಾಗುತ್ತಿತ್ತು. ಬೇಸಿಗೆಯಲ್ಲಿ ನೆಲಕ್ಕೆ ನೀರು ಚಿಮುಕಿಸುವುದೂ ಇತ್ತು. ಅವನ ಬಳಿ ಮಾಪಕವಿರಲಿಲ್ಲ. ಬೆರಳಿಗೆ ತಾಗುವ ಎಳೆಯೇ ಅವನಿಗೆ ಮಾಪಕ.

ಜಗತ್ತಿನಲ್ಲಿ ಇಂದು ಮನೆಮಾತಾಗಿರುವ ‘ಏರ್ ಕಂಡೀಷನಿಂಗ್’ ಎಂಬ ಮಾತು ಹುಟ್ಟಿದ್ದು ಕೂಡ ಹತ್ತಿ ಗಿರಣಿಯ ನಂಟಿನಿಂದಲೇ. ಅಮೆರಿಕದ ಉತ್ತರ ಕೆರೊಲಿನಾದ ಗಿರಣಿಗಳಿಗೆ ಆರ್ದ್ರತೆಯ ಯಂತ್ರಗಳನ್ನು ರೂಪಿಸುತ್ತಿದ್ದ ಸ್ಟುವರ್ಟ್ ಕ್ರಾಮರ್ 1906ರಲ್ಲಿ ಆ ಪದವನ್ನು ಬಳಕೆಗೆ ತಂದ. ಅವನ ಮನಸ್ಸಿನಲ್ಲಿದ್ದದ್ದು ಕಚೇರಿಯ ತಂಪಲ್ಲ, ನೂಲಿನ ತೇವ. ನಾಲ್ಕು ವರ್ಷಗಳ ಹಿಂದೆ, 1902ರಲ್ಲಿ, ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ರೂಪಿಸಿದ ಯಂತ್ರದ ಉದ್ದೇಶವೂ ಕಾಗದದ ತೇವವನ್ನು ಹದದಲ್ಲಿಡುವುದೇ ಆಗಿತ್ತು.

ಐದು ಕೊಂಡಿಗಳ ಸರಪಳಿ

ಚಳಿ ದೇಶದ ಮನೆಯಾಗಲಿ, ಟವೆಲಿನ ಶೆಡ್ಡಾಗಲಿ, ಅಕ್ಕಲಕೋಟೆಯ ಮನೆಯ ಕೂಲರಾಗಲಿ, ಆರ್ದ್ರತೆಯ ಹತೋಟಿ ಐದು ಕೊಂಡಿಗಳ ಸರಪಳಿ. ಮೊದಲನೆಯದು ಅಳತೆ: ಸೆನ್ಸರ್ ಗಾಳಿಯ ತೇವವನ್ನು ಅಳೆಯುತ್ತದೆ. ಎರಡನೆಯದು ನಿರ್ಧಾರ: ಬೇಕಾದ ಅಂಕಿಯೊಡನೆ ಹೋಲಿಸಿ ನೀರು ಬೇಕೋ ಬೇಡವೋ ಎಂದು ಪೆಟ್ಟಿಗೆ ತೀರ್ಮಾನಿಸುತ್ತದೆ. ಮೂರನೆಯದು ಆಜ್ಞೆ: ತಂತಿಯ ಮೂಲಕ ವಿದ್ಯುತ್ತು ಹರಿಯುತ್ತದೆ. ನಾಲ್ಕನೆಯದು ಕೆಲಸ: ವಾಲ್ವ್ ತೆರೆದು ಅಥವಾ ಪಂಪು ತಿರುಗಿ ನೀರು ಹರಿಯುತ್ತದೆ. ಐದನೆಯದು ಪರಿಣಾಮ: ಆ ನೀರು ಆವಿಯಾಗಿ ಗಾಳಿಯನ್ನು ಸೇರುತ್ತದೆ. ಮೊಬೈಲಿನ ಪರದೆ ‘ಚಾಲೂ’ ಎಂದು ಹೇಳುವಾಗ ಅದು ತಿಳಿದಿರುವುದು ಬಹುಪಾಲು ಎರಡನೆಯ ಕೊಂಡಿಯವರೆಗೆ ಮಾತ್ರ. ಉಳಿದ ಮೂರನ್ನು ಕಣ್ಣು, ಕಿವಿ, ಕೈಗಳೇ ನೋಡಬೇಕು.

ಕೊಂಡಿಗಳನ್ನು ಪರೀಕ್ಷಿಸುವಾಗ ಒಂದು ನಿಯಮವಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು, ಪರಿಣಾಮ ಕಾಣಲು ಸಮಯ ಕೊಡಬೇಕು. ಗಾಳಿ ದೀಪದಂತೆ ಒಂದೇ ಕ್ಷಣದಲ್ಲಿ ಬದಲಾಗುವುದಿಲ್ಲ. ಇಡೀ ಮನೆಯ ಆರ್ದ್ರತೆ ಏರಲು ಹಲವು ಗಂಟೆಗಳು ಬೇಕಾಗಬಹುದು.

ಅಳತೆ: ಮಾಪಕ ಹೇಳುವುದು ನಿಜವೇ?

ಅಗ್ಗದ ಎಲೆಕ್ಟ್ರಾನಿಕ್ ಮಾಪಕಗಳಲ್ಲಿ ಶೇಕಡಾ 5ರಷ್ಟು ಆಚೀಚೆ ಸಹಜ. ಹಳೆಯದಾದಂತೆ ಅದು ಇನ್ನಷ್ಟು ಜಾರಬಹುದು. ಅದನ್ನು ಪರೀಕ್ಷಿಸಲು ಅಡುಗೆಮನೆಯ ಉಪ್ಪು ಸಾಕು. ಸಣ್ಣ ಮುಚ್ಚಳವೊಂದರಲ್ಲಿ ಉಪ್ಪು ತುಂಬಿ, ಅದು ಪೂರ್ತಿ ಕರಗದೆ ಒದ್ದೆ ಮರಳಿನಂತಾಗುವಷ್ಟೇ ನೀರಿನ ಹನಿ ಬಿಡಬೇಕು. ಆ ಮುಚ್ಚಳವನ್ನೂ ಮಾಪಕವನ್ನೂ, ಒಂದಕ್ಕೊಂದು ತಾಗದಂತೆ, ಗಾಳಿಯಾಡದ ಡಬ್ಬಿಯೊಳಗಿಟ್ಟು ರಾತ್ರಿಯೆಲ್ಲ ಬಿಡಬೇಕು. ಒದ್ದೆ ಉಪ್ಪಿನ ಮೇಲಣ ಮುಚ್ಚಿದ ಗಾಳಿ ಸಾಮಾನ್ಯ ಉಷ್ಣಾಂಶದಲ್ಲಿ ಶೇಕಡಾ 75ರ ಆರ್ದ್ರತೆಯಲ್ಲಿ ನೆಲೆಗೊಳ್ಳುತ್ತದೆ. ಬೆಳಿಗ್ಗೆ ಮಾಪಕ 69 ತೋರಿಸಿದರೆ ಅದು 6 ಕಡಿಮೆ ಹೇಳುತ್ತಿದೆ ಎಂದು ತಿಳಿಯಬೇಕು. ಅಷ್ಟನ್ನು ಕೂಡಿಸಿಕೊಂಡು ಓದಿದರಾಯಿತು, ಹೊಸದನ್ನು ಕೊಳ್ಳುವ ಅಗತ್ಯವಿಲ್ಲ.

ಎರಡು ಸಾದಾ ಥರ್ಮಾಮೀಟರುಗಳಿಂದಲೂ ಅಳತೆ ಸಾಧ್ಯ. ಒಂದರ ಬುಡಕ್ಕೆ ತೆಳುವಾದ ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ಶುದ್ಧ ನೀರಿನಲ್ಲಿ ಅದ್ದಿ, ಬೀಸಣಿಗೆಯಿಂದ ಗಾಳಿ ಹಾಕಬೇಕು. ನೀರು ಆವಿಯಾಗುವಾಗ ಶಾಖವನ್ನು ಒಯ್ಯುವುದರಿಂದ ಒದ್ದೆ ಥರ್ಮಾಮೀಟರಿನ ಅಂಕಿ ಇಳಿಯುತ್ತದೆ. ಗಾಳಿ ಒಣಗಿದಷ್ಟೂ ಇಳಿತ ಹೆಚ್ಚು. ಸೊಲ್ಲಾಪುರದ ಎತ್ತರದಲ್ಲಿ ಒಣ ಅಂಕಿ 40, ಒದ್ದೆ ಅಂಕಿ 24 ಇದ್ದರೆ ಆರ್ದ್ರತೆ ಸುಮಾರು ಶೇಕಡಾ 27. ಒಣ ಅಂಕಿ 32, ಒದ್ದೆ ಅಂಕಿ 27 ಇದ್ದರೆ ಸುಮಾರು ಶೇಕಡಾ 68. ಮೊದಲನೆಯದು ಮೇ ತಿಂಗಳ ಗಾಳಿ, ಎರಡನೆಯದು ಮಿರಗದ ಗಾಳಿ. ಕನ್ನಡ ಶಾಲೆಯ ಯಾವ ವಿದ್ಯಾರ್ಥಿಯಾದರೂ ಇದನ್ನು ಮಾಡಿ ನೋಡಬಹುದು.

ಮಾಪಕ ಸರಿಯಿದ್ದರೂ ಅದು ಇರುವ ಜಾಗ ತಪ್ಪಾಗಿರಬಹುದು. ಕೋಣೆಯ ಗಾಳಿ 30 ಡಿಗ್ರಿ, ಆರ್ದ್ರತೆ ಶೇಕಡಾ 60 ಇದೆ ಎನ್ನೋಣ. ಸೆನ್ಸರನ್ನು ಮೋಟಾರಿನ ಪಕ್ಕದಲ್ಲಿ ಅಥವಾ ಪಶ್ಚಿಮದ ಬಿಸಿಲು ಹೊಡೆಯುವ ಗೋಡೆಗೆ ಹಾಕಿ, ಅದರ ಸುತ್ತಲ ಗಾಳಿ 35 ಡಿಗ್ರಿಗೆ ಏರಿದರೆ, ಅದು ಶೇಕಡಾ 45 ಎಂದು ತೋರಿಸುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ತಾನಿರುವ ಮೂಲೆಯ ಸತ್ಯವನ್ನು ಹೇಳುತ್ತಿದೆ. ಯಂತ್ರ ಆ ಮೂಲೆಯನ್ನು ನಂಬಿ ಇಡೀ ಕೋಣೆಗೆ ನೀರೆರೆಯುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಶೆಡ್ಡಿನಲ್ಲಿ ಸೆನ್ಸರ್ ನೀರು ಸಿಂಪಡಿಸುವ ನಳಿಕೆಯ ಎದುರಿಗೇ ಇದ್ದರೆ ಇದಕ್ಕೆ ವಿರುದ್ಧ. ಅದು ಬೇಗನೆ ‘ಸಾಕು’ ಎನ್ನುತ್ತದೆ, ದೂರದ ಮೂಲೆಯ ಮಗ್ಗ ಒಣಗಿ ಸಾಯುತ್ತದೆ.

ನಿರ್ಧಾರ ಮತ್ತು ಆಜ್ಞೆ: ಒಬ್ಬ ಕೆಲಸಗಾರ, ಇಬ್ಬರು ಯಜಮಾನರು

ಅಳತೆ ಸರಿಯೆಂದು ಗೊತ್ತಾದ ಮೇಲೆ ಪೆಟ್ಟಿಗೆಗೆ ಏನು ಹೇಳಿಕೊಡಲಾಗಿದೆ ಎಂಬುದನ್ನು ನೋಡಬೇಕು. ಶೇಕಡಾ 75 ಬೇಕೆಂದು ಹೇಳಿದರೆ ಯಂತ್ರ 75ಕ್ಕೇ ಅಂಟಿ ನಿಲ್ಲುವುದಿಲ್ಲ. 72ಕ್ಕೆ ಇಳಿದಾಗ ಶುರುವಾಗಿ 78ಕ್ಕೆ ಏರಿದಾಗ ನಿಲ್ಲುವಂತೆ ಒಂದು ಅಂತರವನ್ನು ಇಟ್ಟಿರುತ್ತಾರೆ. ಈ ಅಂತರವಿಲ್ಲದಿದ್ದರೆ ಪಂಪು ನಿಮಿಷಕ್ಕೊಮ್ಮೆ ಶುರುವಾಗಿ ನಿಂತು ಸುಟ್ಟುಹೋಗುತ್ತದೆ. 74 ಇದ್ದಾಗ ಯಂತ್ರ ಸುಮ್ಮನಿದ್ದರೆ ಅದು ದೋಷವಲ್ಲ.

ಚಳಿ ದೇಶದ ಥರ್ಮೋಸ್ಟಾಟಿನಲ್ಲಿ ಇನ್ನೆರಡು ಸಂಗತಿಗಳು ಜನರನ್ನು ಗೊಂದಲಕ್ಕೆ ಕೆಡಹುತ್ತವೆ. ಹೊರಗಿನ ಚಳಿ ಹೆಚ್ಚಿದಂತೆ ಯಂತ್ರ ತಾನಾಗಿಯೇ ಆರ್ದ್ರತೆಯ ಗುರಿಯನ್ನು ತಗ್ಗಿಸುತ್ತದೆ, ಇಲ್ಲವಾದರೆ ಕಿಟಕಿಯ ಗಾಜಿನ ಮೇಲೆ ನೀರು ಕಟ್ಟಿ ಮರ ಕೊಳೆಯುತ್ತದೆ. ಮನೆಯವರು 40 ಕೇಳಿದರೂ ಯಂತ್ರ 25ಕ್ಕೇ ನಿಲ್ಲಬಹುದು. ಎರಡನೆಯದಾಗಿ, ಅನೇಕ ಮನೆಗಳಲ್ಲಿ ಬಿಸಿಗಾಳಿ ಹರಿಯುವಾಗ ಮಾತ್ರ ಹ್ಯೂಮಿಡಿಫೈಯರ್ ನಡೆಯುವಂತೆ ಜೋಡಣೆ ಇರುತ್ತದೆ. ಒಲೆ ನಿಂತಿದ್ದರೆ ನೀರೂ ನಿಂತಿರುತ್ತದೆ. ಹ್ಯೂಮಿಡಿಫೈಯರ್ ಇದೆ ಎಂಬುದನ್ನೇ ಪೆಟ್ಟಿಗೆಯ ಆರಂಭದ ಸೆಟ್ಟಿಂಗಿನಲ್ಲಿ ತಿಳಿಸದಿದ್ದರಂತೂ ಅದು ಎಂದಿಗೂ ಅಪ್ಪಣೆ ಕೊಡುವುದಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದ ದೋಷ ಹಳೆಯ ಮನೆಗಳದು. ಹೊಸ ಪೆಟ್ಟಿಗೆಯನ್ನು ಗೋಡೆಗೆ ಹಾಕುವವರು ಕೊಳವೆಯ ಮೇಲಿದ್ದ ಹಳೆಯ ತಿರುಗಣಿಯ ನಿಯಂತ್ರಕವನ್ನು ತೆಗೆಯದೆ ಬಿಟ್ಟಿರುತ್ತಾರೆ. ಒಂದೇ ತಂತಿಯ ಮೇಲೆ ಇಬ್ಬರು ಯಜಮಾನರು. ಹೊಸಬ ‘ಹೋಗು’ ಎನ್ನುತ್ತಾನೆ, ಹಳಬ ‘ನಿಲ್ಲು’ ಎನ್ನುತ್ತಾನೆ; ಮಂಡಲ ಪೂರ್ತಿಯಾಗುವುದೇ ಇಲ್ಲ. ಪರದೆಯ ಮೇಲೆ ಮಾತ್ರ ‘ಚಾಲೂ’ ಎಂದಿರುತ್ತದೆ. ಸೊಲ್ಲಾಪುರದ ಶೆಡ್ಡುಗಳಲ್ಲಿಯೂ, ಮನೆಗಳಲ್ಲಿಯೂ ಇಂಥದು ಅಸಾಧ್ಯವಲ್ಲ. ಹೊಸ ಟೈಮರ್ ಹಾಕಿದ ಮೇಲೆ ಹಳೆಯ ಸ್ವಿಚ್ಚನ್ನು ಮರೆತರೆ ಫಲ ಇದೇ. ಆಜ್ಞೆಯ ತಂತಿಯಲ್ಲಿ ವಿದ್ಯುತ್ತು ಬರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡುವುದು ಮಾತ್ರ ತಿಳಿದ ವಾಯರ್‌ಮನ್ ಮಾಡಬೇಕಾದ ಕೆಲಸ. ಚಳಿ ದೇಶದ ಆ ಯಂತ್ರಗಳ ಆಜ್ಞಾ ತಂತಿಯಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಮಾತ್ರ ಇರುತ್ತದೆ. ಇಲ್ಲಿನ ಕೂಲರಿನಲ್ಲಿ ಹರಿಯುವುದು 230 ವೋಲ್ಟ್. ಆ ಧೈರ್ಯವನ್ನು ಇಲ್ಲಿಗೆ ತರುವಂತಿಲ್ಲ.

ಕೆಲಸ: ನೀರಿನ ದಾರಿ

ಅನುಭವಿ ಮೆಕ್ಯಾನಿಕರು ಬಹುತೇಕ ದೋಷಗಳನ್ನು ಕಾಣುವುದು ನಾಲ್ಕನೆಯ ಕೊಂಡಿಯಲ್ಲಿ. ಸೊಲ್ಲಾಪುರ ಜಿಲ್ಲೆಯ ನೆಲ ಕಪ್ಪು ಬಸಾಲ್ಟ್ ಬಂಡೆಯದು. ಅನೇಕ ಬೋರ್‌ವೆಲ್‌ಗಳ ನೀರು ಗಡುಸು. ಆ ನೀರು ಆವಿಯಾದಾಗ ಅದರಲ್ಲಿದ್ದ ಲವಣ ಹಿಂದೆ ಉಳಿಯುತ್ತದೆ. ಕೂಲರಿನ ಪ್ಯಾಡಿನ ಮೇಲೆ ಬೆಳ್ಳಗೆ ಕಟ್ಟುವ ಪದರ ಅದೇ. ನಳಿಕೆಯ ರಂಧ್ರ ಮುಚ್ಚುತ್ತದೆ, ಪಂಪಿನ ಜಾಲರಿ ಕಟ್ಟುತ್ತದೆ, ವಾಲ್ವ್ ಅರ್ಧಕ್ಕೆ ನಿಲ್ಲುತ್ತದೆ. ಪಂಪಿನ ಸದ್ದು ಕೇಳಿಸುತ್ತದೆ, ನೀರು ಮೇಲೇರುವುದಿಲ್ಲ. ಪ್ಯಾಡು ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಒದ್ದೆಯಾಗಿದೆಯೇ ಎಂಬುದನ್ನು ಕಣ್ಣಿನಿಂದಲೇ ನೋಡಬೇಕು. ಒಣಗಿದ ಪಟ್ಟೆಯೊಂದಿದ್ದರೆ ಬಿಸಿಗಾಳಿ ಆ ದಾರಿಯಿಂದಲೇ ನುಗ್ಗುತ್ತದೆ. ವರ್ಷಕ್ಕೊಮ್ಮೆ ಪ್ಯಾಡು ಬದಲಿಸುವುದು, ಟಾಕಿಯ ನೀರನ್ನು ಆಗಾಗ ಪೂರ್ತಿ ಚೆಲ್ಲಿ ಹೊಸದನ್ನು ತುಂಬುವುದು ಇದಕ್ಕೆ ಮದ್ದು.

ಭೀಮಾ ನದಿಯ ಉಜನಿ ಜಲಾಶಯದಿಂದ ನೀರು ತರಿಸಿಕೊಂಡರೂ ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವ ನಗರ ಸೊಲ್ಲಾಪುರ. ಅಕ್ಕಲಕೋಟೆಯ ದೃಷ್ಟಿ ಬೋರಿ ನದಿಯ ಕುರನೂರ ಆಣೆಕಟ್ಟಿನ ಮೇಲೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದನ್ನು ಜನ ಇಂದಿಗೂ ಪೂಜ್ಯಭಾವದಿಂದ ನೆನೆಯುತ್ತಾರೆ. ಇಂಥ ನೆಲದಲ್ಲಿ ಸೋರುವ ವಾಲ್ವ್ ಅಥವಾ ಮಳೆಗಾಲದಲ್ಲಿಯೂ ವ್ಯರ್ಥವಾಗಿ ನೀರು ಕುಡಿಯುವ ಕೂಲರು ಸಣ್ಣ ದೋಷವಲ್ಲ.

ಪರಿಣಾಮ: ಪ್ರಕೃತಿಯ ಗೆರೆ

ಮೇಲಿನ ನಾಲ್ಕೂ ಸರಿಯಿದ್ದು ಫಲ ಸಿಗದಿದ್ದರೆ ಅದಕ್ಕೆ ಕಾರಣ ಯಂತ್ರವಲ್ಲ. ಕೂಲರಿನ ಗಾಳಿ ಒದ್ದೆ ಥರ್ಮಾಮೀಟರಿನ ಅಂಕಿಗಿಂತ ಕೆಳಗೆ ಇಳಿಯಲಾರದು. ಒಳ್ಳೆಯ ಪ್ಯಾಡು ಒಣ ಅಂಕಿ ಮತ್ತು ಒದ್ದೆ ಅಂಕಿಗಳ ಅಂತರದಲ್ಲಿ ಸುಮಾರು ಶೇಕಡಾ 80ರಷ್ಟನ್ನು ಗೆಲ್ಲಬಲ್ಲದು. ಮೇ ತಿಂಗಳಲ್ಲಿ 40 ಮತ್ತು 24ರ ಅಂತರ 16. ಗಾಳಿ 27 ಡಿಗ್ರಿಯ ಸಮೀಪ ತಣ್ಣಗಾಗಿ ಬರುತ್ತದೆ. ಮಿರಗದಲ್ಲಿ 32 ಮತ್ತು 27ರ ಅಂತರ 5 ಮಾತ್ರ. ಎಷ್ಟು ನೀರು ಸುರಿದರೂ 28ಕ್ಕಿಂತ ಕೆಳಗೆ ಬರುವುದು ಕಷ್ಟ. ಕಿಟಕಿಗಳನ್ನು ಮುಚ್ಚಿದರಂತೂ ತೇವ ಒಳಗೇ ಉಳಿದು ಉಸಿರು ಕಟ್ಟಿದಂತಾಗುತ್ತದೆ. ಆಗ ಪಂಪನ್ನು ನಿಲ್ಲಿಸಿ, ಫ್ಯಾನನ್ನಷ್ಟೇ ನಡೆಸಿ, ಎದುರಿನ ಕಿಟಕಿಯನ್ನು ತೆರೆಯುವುದು ಜಾಣತನ. ಆರ್ದ್ರತೆಯ ನಿಯಂತ್ರಣವುಳ್ಳ ಹೊಸ ಕೂಲರುಗಳು ಮಳೆಗಾಲದಲ್ಲಿ ಪಂಪನ್ನು ತಾವೇ ನಿಲ್ಲಿಸುವುದು ಇದೇ ಕಾರಣಕ್ಕೆ. ಅದನ್ನು ಕೆಟ್ಟಿದೆ ಎಂದು ದುರಸ್ತಿಗೆ ಒಯ್ದರೆ ಹಣ ವ್ಯರ್ಥ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ನೀರೂ ವಿದ್ಯುತ್ತೂ ಒಂದೇ ತಗಡಿನ ಪೆಟ್ಟಿಗೆಯಲ್ಲಿರುವುದು ಕೂಲರಿನ ಗುಣ. ನೀರು ತುಂಬುವ ಮುನ್ನ, ಪ್ಯಾಡು ಮುಟ್ಟುವ ಮುನ್ನ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗು, 30 ಮಿಲಿಆಂಪಿಯರಿನ ಸೋರಿಕೆಗೆ ಕಡಿತಗೊಳ್ಳುವ ಸ್ವಿಚ್ಚು ಇವು ಜೀವ ಕಾಯುತ್ತವೆ. ಮಕ್ಕಳು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಕೂಲರಿನ ತಗಡನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಇನ್ನು ಟಾಕಿಯಲ್ಲಿ ನಿಂತ ನೀರು ಡೆಂಗ್ಯೂ ಸೊಳ್ಳೆಯ ತವರು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಂದು ದಿನ ಟಾಕಿಯನ್ನು ಬರಿದುಮಾಡಿ, ಒಳಗೋಡೆಯನ್ನು ಉಜ್ಜಿ ಒಣಗಿಸಿದರೆ ಆ ಸಂತಾನ ತುಂಡಾಗುತ್ತದೆ.

ಎಳೆಗೆ ಹಿತ, ಮನುಷ್ಯನಿಗೆ ಕಷ್ಟ

ಶೆಡ್ಡಿನ ವಿಷಯ ಮನೆಗಿಂತ ಗಂಭೀರ. ಎಳೆಗೆ ಹಿತವಾದ ಗಾಳಿ ಮನುಷ್ಯನಿಗೆ ಹಿತವಲ್ಲ. 35 ಡಿಗ್ರಿಯಲ್ಲಿ ಶೇಕಡಾ 80 ಆರ್ದ್ರತೆ ಇದ್ದರೆ ಒದ್ದೆ ಅಂಕಿ 32ರ ಹತ್ತಿರ ಇರುತ್ತದೆ. ಬೆವರು ಆರುವುದು ತೀರ ನಿಧಾನವಾಗಿ, ದೇಹ ತನ್ನ ಬಿಸಿಯನ್ನು ಹೊರಹಾಕಲು ಹೆಣಗುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನೇಯ್ಗೆಯ ಶೆಡ್ಡುಗಳಿಗೆ ಹಬೆ ಬಿಡುವ ಪದ್ಧತಿಯ ವಿರುದ್ಧ ನೇಕಾರರು ದನಿಯೆತ್ತಿದರು. 1889ರ ಹತ್ತಿ ಬಟ್ಟೆ ಕಾರ್ಖಾನೆಗಳ ಕಾಯಿದೆ ಆರ್ದ್ರತೆಗೆ ಮಿತಿ ಹಾಕಿತು. ಭಾರತದ 1948ರ ಕಾರ್ಖಾನೆ ಕಾಯಿದೆಯ 15ನೆಯ ಕಲಮು ಕೃತಕವಾಗಿ ಆರ್ದ್ರತೆ ಹೆಚ್ಚಿಸುವ ಕಾರ್ಖಾನೆಗಳಿಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತ್ತು. ಗಾಳಿಗೆ ಸೇರಿಸುವ ನೀರು ಸಾರ್ವಜನಿಕ ಸರಬರಾಜಿನದೋ ಕುಡಿಯುವ ನೀರಿನ ಮೂಲದ್ದೋ ಆಗಿರಬೇಕು, ಇಲ್ಲವೇ ಚೆನ್ನಾಗಿ ಶುದ್ಧಗೊಳಿಸಿದ್ದಾಗಿರಬೇಕು ಎಂದೂ ಅದು ವಿಧಿಸಿತ್ತು. ಸಿಂಪಡಿಸಿದ ನೀರು ಕೊನೆಗೆ ಸೇರುವುದು ದುಡಿಯುವವನ ಶ್ವಾಸಕೋಶವನ್ನು.

ವಿದ್ಯುತ್ ಮಗ್ಗದ ಕೆಲಸಗಾರನ ಕೂಲಿ ಸಾಮಾನ್ಯವಾಗಿ ನೇಯ್ದ ಮಾಲಿನ ಲೆಕ್ಕದಲ್ಲಿ. ಎಳೆ ಪದೇ ಪದೇ ಕಡಿದರೆ ಮಗ್ಗ ನಿಲ್ಲುತ್ತದೆ, ಕೂಲಿ ಇಳಿಯುತ್ತದೆ. ‘ಕೈ ಸರಿಯಿಲ್ಲ, ಲಕ್ಷ್ಯವಿಲ್ಲ’ ಎಂಬ ಮಾತು ಅವನ ಮೇಲೆಯೇ ಬೀಳುತ್ತದೆ. ನೂಲು ಕೆಟ್ಟದ್ದೋ, ಗಂಜಿ ಹೆಚ್ಚಾಯಿತೋ, ಕೈ ತಪ್ಪಿತೋ, ಗಾಳಿ ಒಣಗಿತೋ ಎಂಬುದನ್ನು ಊಹೆಯಿಂದ ಹೇಳುವಂತಿಲ್ಲ. ಆದರೆ ಶೆಡ್ಡಿನ ನಾಲ್ಕು ಕಡೆ ಎರಡೆರಡು ಥರ್ಮಾಮೀಟರು ತೂಗುಹಾಕಿ, ಗಂಟೆಗೊಮ್ಮೆ ಅಂಕಿಗಳನ್ನೂ, ಅದರ ಪಕ್ಕದಲ್ಲಿ ಕಡಿದ ಎಳೆಗಳ ಸಂಖ್ಯೆಯನ್ನೂ ಒಂದು ವಹಿಯಲ್ಲಿ ಬರೆದರೆ ವಾರದೊಳಗೆ ಉತ್ತರ ಸಿಗುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಒಂದೇ ಮೂಲೆಯ ಮಗ್ಗಗಳಲ್ಲಿ, ಯಾರು ನಡೆಸಿದರೂ ಎಳೆ ಕಡಿಯುತ್ತಿದ್ದರೆ ದೋಷ ಕೈಯದಲ್ಲ, ಗಾಳಿಯದು. ತಪ್ಪು ಯಾರದು ಎಂದು ಕೇಳುವ ಮೊದಲು ತಪ್ಪು ಎಲ್ಲಿದೆ ಎಂದು ಕೇಳುವುದು ವಿಜ್ಞಾನ. ಅದು ನ್ಯಾಯವೂ ಹೌದು.

ಮಹಾರಾಷ್ಟ್ರದ ಕನ್ನಡ ಶಾಲೆಗಳ ಮಕ್ಕಳು ಓದುವ ಬಾಲಭಾರತಿಯ ಪುಸ್ತಕಗಳು ಕನ್ನಡದಲ್ಲಿಯೇ ಇವೆ. ತಂದೆ ಮಗ್ಗದ ಮೇಲೆ, ತಾಯಿ ಕಂಡಿಕೆ ಸುತ್ತುವಲ್ಲಿ ದುಡಿಯುವ ಮನೆಯ ಮಗು ‘ಸಾಪೇಕ್ಷ ಆರ್ದ್ರತೆ’ ಎಂಬ ಮಾತನ್ನು ತನ್ನ ಭಾಷೆಯಲ್ಲಿ ಕಲಿಯುತ್ತದೆ. ಆ ಮಾತು ಉತ್ತರ ಪತ್ರಿಕೆಯಲ್ಲಿಯೇ ಉಳಿಯಬೇಕಾಗಿಲ್ಲ. ಎರಡು ಥರ್ಮಾಮೀಟರು, ಒಂದು ತುಂಡು ಹತ್ತಿಬಟ್ಟೆ, ಒಂದು ಚಮಚ ಉಪ್ಪು, ಒಂದು ನೋಟುಬುಕ್ಕು ಇಷ್ಟು ಸಾಕು. ಯುಗಾದಿಯಿಂದ ಮಿರಗದವರೆಗೆ ಪ್ರತಿದಿನ ಬೆಳಿಗ್ಗೆ ಏಳಕ್ಕೂ ಮಧ್ಯಾಹ್ನ ಮೂರಕ್ಕೂ ಅಂಕಿಗಳನ್ನು ಬರೆದಿಡುವ ಮಗುವಿಗೆ ಕೂಲರಿನ ಪಂಪು ಯಾವ ವಾರ ನಿಲ್ಲಿಸಬೇಕೆಂಬುದು ಮನೆಯ ಹಿರಿಯರಿಗಿಂತ ಮೊದಲು ತಿಳಿಯುತ್ತದೆ. ಅಪ್ಪನ ಶೆಡ್ಡಿನಲ್ಲಿ ಎಳೆ ಏಕೆ ಕಡಿಯಿತೆಂದು ಕೇಳುವ ಪ್ರಶ್ನೆಗೂ ಆ ವಹಿಯಲ್ಲಿ ಒಂದು ಅಂಕಿ ಸಿದ್ಧವಾಗಿರುತ್ತದೆ.